ಗೋಡೆಯ ಬಣ್ಣ ಕೊನೆಗೆ: ಗಾಢ ಬಣ್ಣವನ್ನೂ ಸಾದಾ ಬಣ್ಣವನ್ನೂ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಮನೆಯ ಹಾಲ್‌ನ ಒಂದು ಗೋಡೆಗೆ ನವಿಲು ನೀಲಿ, ಉಳಿದ ಮೂರಕ್ಕೆ ಕೆನೆ ಬಣ್ಣ. ಶೇಡ್ ಕಾರ್ಡಿನಲ್ಲಿ ಎರಡೂ ಮುದ್ದಾಗಿಯೇ ಕಾಣುತ್ತಿದ್ದವು. ಪೇಂಟರ್ ಕೆಲಸ ಮುಗಿಸಿ ಹೋದ ಮೇಲೆ ನೋಡಿದರೆ ನೀಲಿ ಗೋಡೆ ಎಲ್ಲಿಂದಲೋ ತಂದು ಅಂಟಿಸಿದ ಹಾಗಿದೆ. ಕೆನೆ ಬಣ್ಣ ಆಗಲೇ ಹತ್ತು ವರ್ಷ ಹಳೆಯದಾದಂತೆ ಮಂಕಾಗಿದೆ. ಮೈಸೂರು, ಮಂಡ್ಯದಲ್ಲಿ ಹೊಸದಾಗಿ ಬಣ್ಣ ಮಾಡಿಸಿದವರು ಮತ್ತೆ ಮತ್ತೆ ಹೇಳುವ ದೂರು ಇದೇ. ಬೈಗುಳ ಮಾತ್ರ ಬೀಳುವುದು ಪಾಪ ಆ ನೀಲಿಗೆ.

ಎಡವಿರುವುದು ಕ್ರಮದಲ್ಲಿ. ನಾವು ಮೊದಲು ಗೋಡೆಯ ಬಣ್ಣ ಆರಿಸುತ್ತೇವೆ, ಆಮೇಲೆ ಕರ್ಟನ್, ಕೊನೆಗೆ ಬಲ್ಬ್. ಆಗಬೇಕಾದ್ದು ಪೂರ್ತಿ ತಿರುಗುಮುರುಗು. ಪೇಂಟ್ ಅಂಗಡಿಯ ಮೆಷಿನ್ ಸಾವಿರಾರು ಶೇಡ್ ಕಲಸಿಕೊಡುತ್ತದೆ. ಸೋಫಾ ಬಟ್ಟೆ ಸಿಗುವುದು ಕೆಲವೇ ಬಣ್ಣಗಳಲ್ಲಿ. ನೆಲದ ಟೈಲ್ಸ್ ಅಂತೂ ಹಾಕಿ ಆಗಿದೆ. ಯಾವುದನ್ನು ಬೇಕಾದ ಹಾಗೆ ಬದಲಾಯಿಸಬಹುದೋ ಅದರ ತೀರ್ಮಾನ ಕೊನೆಗೆ ಇರಲಿ.

ಇಲ್ಲಿ ಸಾದಾ ಬಣ್ಣ ಅಂದರೆ ಬಿಳಿ, ಕೆನೆ, ಗಂಧ, ಬೂದು, ಮಣ್ಣು, ಸೆಣಬು ಇಂಥವು. ಅಂಗಡಿಯಲ್ಲಿ ಇವಕ್ಕೆ ನ್ಯೂಟ್ರಲ್ ಅಂತಾರೆ. ಗಾಢ ಬಣ್ಣ ಅಂದರೆ ಕಣ್ಣು ತಾನಾಗಿ ಹೋಗಿ ನಿಲ್ಲುವಂಥವು: ನವಿಲು ನೀಲಿ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಬಾಟಲ್ ಹಸಿರು, ಬದನೆ ನೇರಳೆ.

## ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪು, ನಾಲ್ಕಾರು ಎ4 ಬಿಳಿ ಹಾಳೆ, ಫೋನಿನ ದಿಕ್ಸೂಚಿ, ಪೆನ್ಸಿಲ್, ಒಂದು ನೋಟ್‌ಬುಕ್. ಸ್ಯಾಂಪಲ್ ಹಚ್ಚಲು ಎರಡಡಿ ಉದ್ದ ಎರಡಡಿ ಅಗಲದ ದಪ್ಪ ರಟ್ಟು ಅಥವಾ ಪ್ಲೈವುಡ್ ತುಂಡು ಮೂರು. ಒಂದು ಚಿಕ್ಕ ರೋಲರ್. ಬಣ್ಣ ಹೊಡೆಯುವ ದಿನಕ್ಕೆ ಮಾಸ್ಕಿಂಗ್ ಟೇಪು, ಎಮರಿ ಪೇಪರ್, ದೊಡ್ಡ ಬಕೆಟ್. ಶೇಡ್ ಕಾರ್ಡ್ ಸದ್ಯಕ್ಕೆ ಬೇಡ. ಅದನ್ನು ಮನೆಗೆ ತಂದ ದಿನವೇ ಜಗಳ ಶುರುವಾಗುತ್ತದೆ.

## ಹಂತ 1: ಬದಲಾಗದ ಬಣ್ಣಗಳನ್ನು ಬರೆದುಕೊಳ್ಳಿ

ನೆಲ, ಬಾಗಿಲಿನ ಪಾಲಿಶ್, ಕಿಟಕಿಯ ಗ್ರಿಲ್, ಅಡುಗೆಮನೆ ಕಟ್ಟೆಯ ಕಲ್ಲು, ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವ ಸೋಫಾ, ಬೀರು. ಇವಿಷ್ಟನ್ನು ಬರೆದು, ಪ್ರತಿಯೊಂದರ ಮುಂದೆ ಅದರ ಬಣ್ಣ ಬರೆಯಿರಿ. ‘ಬಿಳಿ ಟೈಲ್ಸ್’ ಅಂತ ಬರೆದರೆ ಸಾಲದು. ಹಗಲು ಬೆಳಕಿನಲ್ಲಿ ಟೈಲ್ಸ್ ಮೇಲೆ ಒಂದು ಎ4 ಹಾಳೆ ಇಡಿ. ಬಿಳಿ ಅಂದುಕೊಂಡ ಟೈಲ್ಸ್ ಆ ಹಾಳೆಯ ಪಕ್ಕ ಹಳದಿಯೋ, ಗುಲಾಬಿಯೋ, ಬೂದಿಯೋ ಆಗಿ ಕಾಣುತ್ತದೆ. ಆ ಒಳಬಣ್ಣವನ್ನೇ ಬರೆದುಕೊಳ್ಳಬೇಕು. ಮುಂದಿನ ಅರ್ಧ ಕೆಲಸ ನಿಂತಿರುವುದು ಇದರ ಮೇಲೆ.

ಮೈಸೂರಿನ ಲಕ್ಷ್ಮೀಪುರಂ, ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇನ್ನೂ ಇದೆ. ಅಂಥ ಮನೆಯವರು ಒಂದು ವಿಷಯ ಮರೆಯುತ್ತಾರೆ. ಕೆಂಪು ನೆಲವೇ ನಿಮ್ಮ ಗಾಢ ಬಣ್ಣ. ಅದರ ಮೇಲೆ ಮತ್ತೊಂದು ಹಸಿರೋ ನೇರಳೆಯೋ ಗೋಡೆ ಬಂದರೆ ಎರಡೂ ಕೂಗಾಡುತ್ತವೆ. ಮೊಸಾಯಿಕ್ ನೆಲವಾದರೆ ಬಗ್ಗಿ ಹತ್ತಿರದಿಂದ ನೋಡಿ. ಬಿಳಿ ಸಿಮೆಂಟಿನ ನಡುವೆ ಕಪ್ಪು, ಕಂದು, ಕೆಲವು ಕಡೆ ಹಸಿರು ಚೂರುಗಳು ಸಿಗುತ್ತವೆ. ಆ ಚೂರಿನ ಬಣ್ಣವನ್ನೇ ಎತ್ತಿ ದಿಂಬಿಗೋ ಬಾಗಿಲಿಗೋ ಕೊಟ್ಟರೆ ಹೊಂದಿಕೆ ಅರ್ಧ ಆದಂತೆ.

## ಹಂತ 2: ಬೆಳಕು ಸರಿಮಾಡಿಕೊಳ್ಳಿ, ಬಲ್ಬನ್ನೂ ಸೇರಿಸಿ

ಕಿಟಕಿ ಯಾವ ದಿಕ್ಕಿಗಿದೆ ಅಂತ ಫೋನಿನಲ್ಲಿ ನೋಡಿ ಬರೆದುಕೊಳ್ಳಿ. ‘ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಯುರೋಪಿನ ಮನೆಗಳಿಗೆ ಹೆಚ್ಚುಕಡಿಮೆ ಸರಿ. ಮೈಸೂರು ಇರುವುದು ಸಮಭಾಜಕ ವೃತ್ತದಿಂದ 12 ಡಿಗ್ರಿ ಚಿಲ್ಲರೆ ಉತ್ತರಕ್ಕೆ ಅಷ್ಟೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಜನವರಿಯಲ್ಲಿ ತಣ್ಣಗೆ ಕಾಣುವ ಉತ್ತರದ ರೂಮಿಗೆ ಜೂನ್‌ನಲ್ಲಿ ಬಿಸಿಲು ಬೀಳಬಹುದು. ಚಳಿಗಾಲದಲ್ಲಿ ಒಮ್ಮೆ ನೋಡಿ ತೀರ್ಮಾನ ಮಾಡಬೇಡಿ. ಮನೆಯವರನ್ನು ಕೇಳಿದರೆ ಯಾವ ತಿಂಗಳು ಬಿಸಿಲು ಎಲ್ಲಿಗೆ ಬರುತ್ತದೆ ಅಂತ ಸರಿಯಾಗಿಯೇ ಹೇಳುತ್ತಾರೆ.

ಪಶ್ಚಿಮದ ಕಿಟಕಿ ಇರುವ ರೂಮಿಗೆ ಸಂಜೆ ನಾಲ್ಕರ ಮೇಲೆ ಕಿತ್ತಳೆ ಬೆಳಕು ನುಗ್ಗುತ್ತದೆ. ಅಲ್ಲಿ ಕೆಂಪು, ಕೇಸರಿ ಉರಿಯುತ್ತವೆ. ಹಸಿರು, ನೀಲಿ, ಬೂದು ಬೆರೆತ ಬಣ್ಣ ತಡೆದುಕೊಳ್ಳುತ್ತವೆ. ನೇರ ಬಿಸಿಲು ಬರದ ರೂಮಿನ ಬೆಳಕು ಸ್ವಲ್ಪ ನೀಲಿಗೆ ತಿರುಗಿರುತ್ತದೆ. ಅಲ್ಲಿ ಬೂದು ಬಣ್ಣ ಸಿಮೆಂಟ್ ಗೋಡೆ ಥರ ಕಾಣುತ್ತದೆ, ಗಂಧದ ಬಣ್ಣ ಚೆನ್ನಾಗಿರುತ್ತದೆ.

30×40 ಸೈಟಿನ ಮನೆಗಳಿಗೆ ಇನ್ನೊಂದು ಕಾಟ ಇದೆ. ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಆ ಗೋಡೆ ಗಿಳಿ ಹಸಿರಾಗಿದ್ದರೆ, ಬಿಸಿಲು ಅದಕ್ಕೆ ಬಡಿದು ಹಸಿರಾಗಿಯೇ ನಿಮ್ಮ ರೂಮಿಗೆ ಬರುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಕಿಟಕಿಯ ಎದುರು ಬಿಳಿ ಹಾಳೆ ಹಿಡಿದು ನೋಡಿ. ಹಾಳೆಯೇ ಹಸಿರಾಗಿ ಕಂಡರೆ ಆ ರೂಮಿಗೆ ತಿಳಿ ಗುಲಾಬಿ ಒಳಬಣ್ಣದ ಗಂಧವೇ ಮದ್ದು. ಬೂದು ಹೊಡೆದರೆ ಪಾಚಿ ಕಟ್ಟಿದ ಹಾಗಿರುತ್ತದೆ.

ಈಗ ಬಲ್ಬ್. ನಮ್ಮ ಬಹುಪಾಲು ಮನೆಗಳಲ್ಲಿ ಇರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕೆ ಹೆಚ್ಚಿದಷ್ಟೂ ಬೆಳಕು ನೀಲಿಗೆ, ಕಡಿಮೆಯಾದಷ್ಟೂ ಹಳದಿಗೆ ತಿರುಗುತ್ತದೆ. ಡಬ್ಬದ ಮೇಲೆ ಕೂಲ್ ಡೇಲೈಟ್ ಅಂತ ಇರುತ್ತದೆ. ಅದರಡಿ ಇಟ್ಟಿಗೆ ಕೆಂಪು ಮಂಕಾಗಿ ಕಂದಾಗುತ್ತದೆ, ಕೆನೆ ಬಣ್ಣ ರೋಗಿಷ್ಟವಾಗಿ ಕಾಣುತ್ತದೆ. ಹಾಲ್‌ಗೆ, ಮಲಗುವ ಕೋಣೆಗೆ 3000 ಕೆಲ್ವಿನ್‌ನ ವಾರ್ಮ್ ವೈಟ್, ಅಡುಗೆಮನೆಗೆ ಮತ್ತು ಮಕ್ಕಳು ಓದುವ ಜಾಗಕ್ಕೆ 4000 ಕೆಲ್ವಿನ್ ಸಾಕು. ಡಬ್ಬದ ಮೇಲೆ ಸಿಆರ್‌ಐ ಎಂಬ ಅಂಕೆಯೂ ಇರುತ್ತದೆ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅಂತ 100ಕ್ಕೆ ಹೇಳುವ ಅಂಕೆ ಅದು. 80ಕ್ಕಿಂತ ಕಡಿಮೆಯದು ಬೇಡ. 90 ಸಿಕ್ಕರೆ ಗಾಢ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಬಲ್ಬ್ ಬದಲಾಯಿಸುವ ಕೆಲಸ ಸ್ಯಾಂಪಲ್ ನೋಡುವ ಮುಂಚೆಯೇ ಮುಗಿದಿರಲಿ. ಆಮೇಲೆ ಬದಲಾಯಿಸಿದರೆ ಆರಿಸಿದ ಬಣ್ಣವೇ ಬೇರೆಯಾಗುತ್ತದೆ.

## ಹಂತ 3: ಪಾಲು ಲೆಕ್ಕ ಹಾಕಿ

60-30-10 ಎಂಬ ಲೆಕ್ಕ ಬಹಳ ಜನ ಕೇಳಿದ್ದಾರೆ. ಎಷ್ಟೋ ರೇಷ್ಮೆ ಸೀರೆಗಳನ್ನು ಬಿಚ್ಚಿ ಹಾಸಿದರೆ ಅದೇ ಲೆಕ್ಕ ಕಾಣುತ್ತದೆ. ಒಡಲು ಒಂದೇ ಬಣ್ಣ, ಸೆರಗು ಅದಕ್ಕೆ ಹೊಂದುವ ಇನ್ನೊಂದು, ಅಂಚಿನಲ್ಲಿ ಜರಿ. ರೂಮಿನಲ್ಲಿ 60 ಪಾಲು ಸಾದಾ ಬಣ್ಣ, 30 ಪಾಲು ನಡುವಿನ ಬಣ್ಣ, 10 ಪಾಲು ಗಾಢ ಬಣ್ಣ.

ಎಡವುವುದು ಎಲ್ಲಿ ಅಂದರೆ, ಜನ ಗೋಡೆಗಳನ್ನು ಮಾತ್ರ ಎಣಿಸುತ್ತಾರೆ. 10×12 ಅಡಿಯ ರೂಮು, 10 ಅಡಿ ಎತ್ತರ ಇಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ 390ರ ಹತ್ತಿರ. ನೆಲ 120, ಸೀಲಿಂಗ್ 120. ಒಟ್ಟು 630. ಅದರಲ್ಲಿ ಹತ್ತು ಪಾಲು ಅಂದರೆ 63 ಚದರ ಅಡಿ ಅಷ್ಟೆ. ಆದರೆ ಹತ್ತಡಿ ಅಗಲದ ಒಂದು ಗೋಡೆಯೇ 100 ಚದರ ಅಡಿ, ಅಂದರೆ ಶೇಕಡ 16. ಪೇಂಟರ್‌ಗಳು ‘ಹೈಲೈಟರ್’ ಅನ್ನುವ ಆ ಒಂದೇ ಗೋಡೆಗೆ ನಿಮ್ಮ ಗಾಢ ಬಣ್ಣದ ಕೋಟಾ ಮುಗಿದು ಸಾಲ ಬಿದ್ದಿರುತ್ತದೆ. ಅದರ ಮೇಲೆ ಗಾಢ ಕರ್ಟನ್, ಗಾಢ ಕಾರ್ಪೆಟ್ ತಂದರೆ ರೂಮು ಸಣ್ಣದಾಗಿ ಕಾಣದೆ ಇನ್ನೇನಾಗುತ್ತದೆ?

ಕೆಂಪು ನೆಲದ ರೂಮಿನಲ್ಲಿ ಬರೀ ನೆಲವೇ ಶೇಕಡ 19. ಅಲ್ಲಿ ಗೋಡೆಗೆ ಗಾಢ ಬಣ್ಣ ಬೇಡವೇ ಬೇಡ. ಐದಡಿ ಅಗಲ, ಏಳಡಿ ಎತ್ತರದ ಒಂದು ಕರ್ಟನ್ 35 ಚದರ ಅಡಿ, ಅಂದರೆ ಶೇಕಡ ಐದೂವರೆ. ಎರಡು ಕಿಟಕಿಗೆ ಗಾಢ ಕರ್ಟನ್ ಹಾಕಿದರೆ ನಿಮ್ಮ ಹತ್ತು ಪಾಲು ತುಂಬಿತು. ಗೋಡೆ ಮುಟ್ಟಬೇಕಾಗಿಯೇ ಇಲ್ಲ.

ಈ ಅಂಕೆಗಳನ್ನು ದೇವರ ವಾಕ್ಯದಂತೆ ಹಿಡಿಯಬೇಡಿ. ಒಂದು ಗೋಡೆ ಪೂರ್ತಿ ಗಾಢ ಬೇಕೇ ಬೇಕು ಅಂದರೆ ಅದನ್ನು 30ರ ಪಾಲಿಗೆ ಹಾಕಿ. ಆಗ ಉಳಿದದ್ದೆಲ್ಲ ತಗ್ಗಬೇಕು, ಅಷ್ಟೆ.

## ಹಂತ 4: ಗಾಢ ಬಣ್ಣ ಯಾವುದು, ಎಲ್ಲಿ

ಒಂದು ರೂಮಿಗೆ ಒಂದೇ ಗಾಢ ಬಣ್ಣ. ಹಾಲ್ ಮತ್ತು ಊಟದ ಜಾಗ ಒಂದೇ ಆಗಿದ್ದರೆ ಎರಡಕ್ಕೂ ಸೇರಿ ಒಂದೇ.

ಯಾವ ಗೋಡೆ ಅಂತ ಆರಿಸಲು ಬಾಗಿಲಲ್ಲಿ ನಿಂತು ನೋಡಿ. ಕಣ್ಣು ಮೊದಲು ಹೋಗುವ ಗೋಡೆ ಯಾವುದು? ಅದರಲ್ಲಿ ಬಾಗಿಲು ಕಿಟಕಿ ಇಲ್ಲದಿದ್ದರೆ ಅದೇ ಸರಿ. ಎರಡು ಬಾಗಿಲು, ಒಂದು ಕಿಟಕಿ, ಸ್ವಿಚ್ ಬೋರ್ಡ್ ಎಲ್ಲ ಇರುವ ಗೋಡೆಗೆ ಗಾಢ ಬಣ್ಣ ಹೊಡೆದರೆ ಬಣ್ಣ ಚೂರು ಚೂರಾಗಿ ಕಾಣುತ್ತದೆ. ಕಿಟಕಿ ಇರುವ ಗೋಡೆ ಇನ್ನೂ ಕಷ್ಟ. ಹೊರಗಿನ ಬೆಳಕು ಕಣ್ಣಿಗೆ ಬಡಿಯುವುದರಿಂದ ಆ ಗೋಡೆ ಹಗಲಿಡೀ ಕಪ್ಪಗೆ ಕಾಣುತ್ತದೆ. ಟಿವಿಯ ಹಿಂದಿನ ಗೋಡೆಗೆ ಗಾಢ ಬಣ್ಣ ಒಳ್ಳೆಯದೇ, ಹೊಳಪಿಲ್ಲದ ಮ್ಯಾಟ್ ಆಗಿದ್ದರೆ.

ಬಣ್ಣ ನಿಲ್ಲಿಸುವ ಜಾಗವೂ ಮುಖ್ಯ. ಎರಡು ಗೋಡೆ ಒಳಗೆ ಸೇರುವ ಮೂಲೆಯಲ್ಲಿ ನಿಲ್ಲಿಸಬೇಕು. ಹೊರಕ್ಕೆ ಚಾಚಿದ ಕಂಬದ ಅಂಚಿನಲ್ಲಿ ನಿಲ್ಲಿಸಿದರೆ ಗೆರೆ ಎದ್ದು ಕಾಣುತ್ತದೆ, ಕೈ ತಾಗಿ ಬೇಗ ಕೀಳುತ್ತದೆ.

ಗೋಡೆ ಬಿಟ್ಟು ಬೇರೆ ಜಾಗಗಳೂ ಇವೆ. ಗೋಡೆಯೊಳಗಿನ ಗೂಡಿನ ಹಿಂಬದಿ, ಅಟ್ಟದ ಬಾಗಿಲು, ಪುಸ್ತಕದ ಶೆಲ್ಫಿನ ಒಳಗೆ, ರೂಮಿನ ಬಾಗಿಲಿನ ಒಳಮುಖ. ನನ್ನನ್ನು ಕೇಳಿದರೆ ಮೊದಲ ಸಲ ಗಾಢ ಬಣ್ಣಕ್ಕೆ ಕೈ ಹಾಕುವವರು ಇಲ್ಲಿಂದಲೇ ಶುರು ಮಾಡಬೇಕು. ಕೆಟ್ಟರೆ ಒಂದು ಮಧ್ಯಾಹ್ನದ ಕೆಲಸ, ಚಿಕ್ಕ ಡಬ್ಬದ ಖರ್ಚು.

ಟ್ರೆಂಡ್ ಬಗ್ಗೆ ಒಂದು ಮಾತು. ಬಣ್ಣಗಳಿಗೆ ಕೋಡ್ ಕೊಟ್ಟು ಪಟ್ಟಿ ಮಾಡುವ ಪ್ಯಾಂಟೋನ್ ಕಂಪನಿ ವರ್ಷಕ್ಕೊಂದು ಬಣ್ಣ ಸಾರುತ್ತದೆ. 2023ಕ್ಕೆ ಕಡು ಮಜೆಂಟಾ, 2024ಕ್ಕೆ ತಿಳಿ ಪೀಚ್, 2025ಕ್ಕೆ ಕಾಫಿಯಂಥ ಕಂದು. ಮೂರು ವರ್ಷದಲ್ಲಿ ಕೂಗುವ ಬಣ್ಣದಿಂದ ಪಿಸುಗುಡುವ ಬಣ್ಣಕ್ಕೆ ಬಂದಾಯಿತು. ನಿಮ್ಮ ಗೋಡೆ ಹಾಗೆ ವರ್ಷ ವರ್ಷ ಬದಲಾಗುತ್ತದಾ? ಈ ವರ್ಷದ ಬಣ್ಣ ಆಸೆಯಾದರೆ ದಿಂಬಿನ ಕವರಿಗೆ ತನ್ನಿ.

ವಾಸ್ತು ನೋಡುವ ಮನೆಯಲ್ಲಿ ಯಾವ ದಿಕ್ಕಿಗೆ ಯಾವ ಬಣ್ಣ ಬೇಡ ಅಂತ ಹಿರಿಯರನ್ನು ಈ ಹಂತದಲ್ಲೇ ಕೇಳಿಬಿಡಿ. ಪೇಂಟರ್ ಬಂದ ದಿನ ಆ ಚರ್ಚೆ ಬೇಡ.

## ಹಂತ 5: ಬಟ್ಟೆಯ ತುಂಡು ತನ್ನಿ

ಪೇಂಟ್ ಅಂಗಡಿಗೆ ಹೋಗುವ ಮುಂಚೆ ಕರ್ಟನ್, ಸೋಫಾ ಬಟ್ಟೆಯ ತುಂಡು ಕೈಗೆ ಬರಲಿ. ಸ್ಯಾಂಪಲ್ ಕೊಡದಿದ್ದರೆ ಕಾಲು ಮೀಟರ್ ಕೊಂಡುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದು ತಂದರೆ ಆಗುವುದಿಲ್ಲ, ಫೋನು ಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಸಾದಾ ಕರ್ಟನ್ ಬೇಕಾದವರು ಖಾದಿ ಅಂಗಡಿಯ ಕೋರಾ ಬಟ್ಟೆ ನೋಡಿ. ಬಿಳುಪು ಮಾಡದ ನೂಲಿನ ಆ ಬಣ್ಣ ಹೆಚ್ಚುಕಡಿಮೆ ಎಲ್ಲ ಗಾಢ ಬಣ್ಣಕ್ಕೂ ಒಗ್ಗುತ್ತದೆ. ಮೊದಲ ಒಗೆತಕ್ಕೆ ಕುಗ್ಗುತ್ತದೆ, ನೆನೆಸಿ ಒಣಗಿಸಿ ಆಮೇಲೆ ಹೊಲಿಸಿ.

ಬಾಡಿಗೆ ಮನೆಯವರು ಇಲ್ಲಿಗೇ ನಿಲ್ಲಬಹುದು. ಓನರ್ ಹೊಡೆಸಿಕೊಟ್ಟ ಗೋಡೆಯ ಒಳಬಣ್ಣ ಹಾಳೆ ಇಟ್ಟು ನೋಡಿ, ಕರ್ಟನ್, ಬೆಡ್‌ಶೀಟ್, ಒಂದೆರಡು ಚನ್ನಪಟ್ಟಣದ ಗೊಂಬೆಗಳಲ್ಲೇ ಹತ್ತು ಪಾಲು ಮುಗಿಸಿ.

## ಹಂತ 6: ಸಾದಾ ಬಣ್ಣ ಆರಿಸಿ

ಎಲ್ಲರೂ ಸುಮ್ನೆ ದಾಟಿ ಹೋಗುವ ಹಂತ ಇದು. ಎಲ್ಲರೂ ಬೀಳುವುದೂ ಇಲ್ಲೇ. ಗಾಢ ಬಣ್ಣಕ್ಕೆ ವಾರಗಟ್ಟಲೆ ಯೋಚಿಸಿ, ‘ಉಳಿದದ್ದಕ್ಕೆ ಯಾವುದಾದರೂ ಆಫ್ ವೈಟ್ ಹಾಕಿ’ ಅಂತ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಅರವತ್ತು ಪಾಲು ಜಾಗ ತುಂಬುವ ಬಣ್ಣ ಯಾರೂ ಆರಿಸದೆ ಬಂದುಬಿಡುತ್ತದೆ.

ಪ್ರತಿ ಬಿಳಿಯಲ್ಲೂ ಒಂದು ಒಳಬಣ್ಣ ಇದೆ. ಶೇಡ್ ಕಾರ್ಡ್ ತರಿಸಿಕೊಳ್ಳುವ ಹೊತ್ತು ಇದು. ಅದರಲ್ಲಿ ಅದೇ ಪಟ್ಟಿಯ ಕೆಳಗಿನ, ಹೆಚ್ಚು ಗಾಢವಾದ ಚೌಕವನ್ನು ನೋಡಿದರೆ ಅದು ತಿಳಿಯುತ್ತದೆ. ಮೇಲಿನ ತಿಳಿ ಚೌಕ ಬರೀ ಕೆನೆಯಂತೆ ಕಂಡರೂ ಕೆಳಗಿನದು ಪಿಸ್ತಾ ಹಸಿರಾಗಿದ್ದರೆ, ಗೋಡೆಗೆ ಹೋದ ಮೇಲೆ ಆ ಹಸಿರು ಹೊರಗೆ ಬರುತ್ತದೆ. ಹಂತ 1ರಲ್ಲಿ ಬರೆದುಕೊಂಡ ನೆಲದ ಒಳಬಣ್ಣವನ್ನು ಈಗ ತೆಗೆಯಿರಿ. ನೆಲ ಹಳದಿಗೆ ವಾಲಿದ್ದರೆ ಗೋಡೆಯೂ ಹಳದಿಗೆ ವಾಲಲಿ. ನೆಲ ಬೂದು, ಗೋಡೆ ಹಳದಿ ಕೆನೆ ಆದರೆ ಗೋಡೆ ಕೊಳಕಾಗಿ ಕಾಣುತ್ತದೆ. ಮೊದಲು ಹೇಳಿದ ಮಂಕು ಕೆನೆಯ ಹಿಂದೆ ಬಹಳ ಸಲ ಇರುವುದು ಇದೇ.

ಎರಡನೆಯದು, ನಡುವಿನ ಬಣ್ಣ. ನವಿಲು ನೀಲಿಯ ಪಕ್ಕಕ್ಕೆ ನೇರವಾಗಿ ಬಿಳಿ ಬಂದರೆ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು. ನಡುವೆ ಕಾಲಿಡಲು ಮೆಟ್ಟಿಲಿಲ್ಲ. ಅದಕ್ಕೇ ಆ ಗೋಡೆ ಅಂಟಿಸಿದ ಹಾಗೆ ಕಾಣುವುದು. ತೇಗದ ಕಂದು, ಸೆಣಬಿನ ಚಾಪೆ, ಬೆತ್ತದ ಕುರ್ಚಿ, ಒಣಮಣ್ಣಿನ ಬಣ್ಣದ ಸೋಫಾ ಇವು ನಡುವೆ ನಿಲ್ಲುತ್ತವೆ. ಹಳೆಯ ಬೀಟೆ ಪೀಠೋಪಕರಣ ಇರುವ ಮೈಸೂರಿನ ಮನೆಗಳಲ್ಲಿ ಇದು ಕೂತಲ್ಲೇ ಸಿಗುತ್ತದೆ. ಎಲ್ಲವೂ ಬಿಳಿ ಲ್ಯಾಮಿನೇಟ್ ಆದ ಹೊಸ ಫ್ಲಾಟಿನಲ್ಲಿ ಹುಡುಕಿ ತರಬೇಕು. ಮೂವತ್ತು ಪಾಲು ಇದಕ್ಕೇ ಮೀಸಲು.

ಮೂರನೆಯದು, ಬೆಳಕು ಎಷ್ಟು ವಾಪಸ್ ಬರುತ್ತದೆ ಎಂಬುದು. ಒಳ್ಳೆಯ ಶೇಡ್ ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ಅಂಕೆ ಇರುತ್ತದೆ. ಪೂರ್ತಿ ಕಪ್ಪು 0, ಪೂರ್ತಿ ಬಿಳಿ 100. ಬೆಳಕು ಕಡಿಮೆ ಇರುವ ರೂಮಿನ ಸಾದಾ ಬಣ್ಣ 70ಕ್ಕಿಂತ ಮೇಲಿರಲಿ. ಗಾಢ ಬಣ್ಣಗಳು ಸಾಮಾನ್ಯವಾಗಿ 20ರ ಕೆಳಗೆ ಇರುತ್ತವೆ. ನಡುವಿನದು 35-50ರ ಆಸುಪಾಸು ಸಿಕ್ಕರೆ ಮೆಟ್ಟಿಲು ಸರಿಯಾಯಿತು.

ಅಡುಗೆಮನೆಗೆ ಮಾತ್ರ ಅಚ್ಚ ಬಿಳಿ ಬೇಡ. ಒಗ್ಗರಣೆಯ ಎಣ್ಣೆ, ಅರಿಶಿನದ ಕೈ ಎರಡೂ ಅಲ್ಲಿವೆ. ದೇವರ ಮನೆಯ ದೀಪದ ಮಸಿಯ ಕಥೆಯೂ ಅಷ್ಟೆ. ಒರೆಸಲು ಬರುವ, ತುಸು ಹೊಳಪಿನ ಸಾಫ್ಟ್ ಶೀನ್ ಎಮಲ್ಷನ್‌ನಲ್ಲಿ ಗಂಧದ ಬಣ್ಣ ಹಾಕಿ.

## ಹಂತ 7: ರಟ್ಟಿನ ಮೇಲೆ ಸ್ಯಾಂಪಲ್

ಈಗ ಅಂಗಡಿಗೆ ಹೋಗಿ, ಬಟ್ಟೆಯ ತುಂಡು ಹಿಡಿದುಕೊಂಡು. ಎರಡು ಸಾದಾ, ಒಂದು ಗಾಢ ಬಣ್ಣದ ಚಿಕ್ಕ ಡಬ್ಬ ತನ್ನಿ. ರಟ್ಟಿಗೆ ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವ ಮೊದಲ ಕೋಟ್) ಬಳಿದು, ಎರಡು ಕೋಟ್ ಹೊಡೆಯಿರಿ, ಸುತ್ತ ಒಂದಂಗುಲ ಬಿಳಿ ಬಿಡಿ. ನೇರವಾಗಿ ಗೋಡೆಯ ಮೇಲೆ ತೇಪೆ ಹಚ್ಚಿದರೆ ಹಳೇ ಬಣ್ಣದ ಪಕ್ಕ ಹೊಸದು ಸುಳ್ಳು ಹೇಳುತ್ತದೆ.

ಪೂರ್ತಿ ಒಣಗಿದ ಮೇಲೆ ರಟ್ಟನ್ನು ಗೋಡೆಗೆ ಒರಗಿಸಿ, ನೆಲಕ್ಕೆ ತಾಗಿರಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಹೊಸ ಬಲ್ಬಿನಡಿ ನೋಡಿ. ಗೋಡೆಯಿಂದ ಗೋಡೆಗೆ ಸರಿಸಿ. ಶೇಡ್ ಕಾರ್ಡಿಗಿಂತ ಗೋಡೆಯಲ್ಲಿ ಬಣ್ಣ ಯಾವಾಗಲೂ ಜಾಸ್ತಿ ಕಾಣುತ್ತದೆ. ಎದುರು ಬದುರು ಗೋಡೆಗಳು ಒಂದರ ಬಣ್ಣ ಇನ್ನೊಂದಕ್ಕೆ ಎರಚುತ್ತವೆ. ಅದಕ್ಕೇ ಎರಡು ಶೇಡ್ ನಡುವೆ ಗೊಂದಲವಾದರೆ ತುಸು ಬೂದು ಬೆರೆತಂತಿರುವುದನ್ನು ಆರಿಸಿ.

ಎಚ್ಚರಿಕೆಯ ಗುರುತುಗಳು ಇವು: ಸಾದಾ ಬಣ್ಣದ ರಟ್ಟು ನೆಲದ ಪಕ್ಕ ಕೊಳಕಾಗಿ ಕಂಡರೆ, ರಾತ್ರಿ ಗಾಢ ಬಣ್ಣ ಕಪ್ಪೋ ಬಣ್ಣವೋ ತಿಳಿಯದಿದ್ದರೆ, ರೂಮಿಗೆ ಬಂದವರು ಕೂರುವ ಮುಂಚೆ ‘ಇದೇನು ಬಣ್ಣ’ ಅಂತ ಕೇಳಿದರೆ, ಇನ್ನೊಂದು ಸ್ಯಾಂಪಲ್ ಆಗಲಿ.

## ಹಂತ 8: ಗೋಡೆ ತಯಾರಿ ಮತ್ತು ಹೊಡೆಯುವ ಕ್ರಮ

ಮೈಸೂರು ಭಾಗಕ್ಕೆ ಮಳೆ ಜೋರಾಗಿ ಬರುವುದು ಮೇ ತಿಂಗಳು, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಎಲ್ಲರೂ ಪೇಂಟರ್‌ನನ್ನು ಹುಡುಕುವುದು ದಸರಾ ಗೊಂಬೆ ಕೂರಿಸುವ ಮುಂಚೆ, ಸರಿಯಾಗಿ ಆ ಮಳೆಯಲ್ಲಿ! ಡಿಸೆಂಬರ್‌ನಿಂದ ಮಾರ್ಚ್ ತನಕ ಗೋಡೆ ಒಣಗಿರುತ್ತದೆ, ಕೆಲಸದವರೂ ಸಿಗುತ್ತಾರೆ.

ಮೊದಲು ತೇವ ಪರೀಕ್ಷೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಬಣ್ಣದ ಮಾತೇ ಬೇಡ, ನೀರು ಎಲ್ಲಿಂದ ಬರುತ್ತಿದೆ ನೋಡಿ. ತೇವದ ಗೋಡೆ ಉಪ್ಪು ಬಿಡುತ್ತದೆ. ಕೆನೆ ಬಣ್ಣದಲ್ಲಿ ಅದು ಮುಚ್ಚಿಹೋಗಬಹುದು, ನವಿಲು ನೀಲಿಯ ಮೇಲೆ ಬಿಳಿ ಹುಡಿ ಎದ್ದು ಕುಣಿಯುತ್ತದೆ. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಬಿಟ್ಟು ಆಮೇಲೆ ಈ ಪರೀಕ್ಷೆ ಮಾಡಿ.

ಅಂಗೈಯಿಂದ ಹಳೇ ಗೋಡೆ ಉಜ್ಜಿ. ಹುಡಿ ಹತ್ತಿದರೆ ಅದು ಸುಣ್ಣ ಅಥವಾ ಹಳೇ ಡಿಸ್ಟೆಂಪರ್. ಕೆರೆದು ತೆಗೆಯದೆ ಮೇಲೆ ಹೊಡೆದರೆ ಹಪ್ಪಳೆ ಏಳುತ್ತದೆ. ಹಳೇ ಬಾಗಿಲು, ಗ್ರಿಲ್‌ಗಳ ಎನಾಮೆಲ್ ವಿಷಯದಲ್ಲಿ ಹುಷಾರು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿಸಿ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿಸಿ, ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ.

ಕೆರೆದ ಮೇಲೆ ಪುಟ್ಟಿ ಎರಡು ಕೋಟ್, ಎಮರಿ ಹೊಡೆದು ಧೂಳು ಒರೆಸಿ, ಪ್ರೈಮರ್ ಒಂದು ಕೋಟ್. ಗಾಢ ಗೋಡೆಗೆ ಸಂಜೆ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬದಿಯಿಂದ ಬೆಳಕು ಬಿಟ್ಟು ನೋಡಿ. ಏರುತಗ್ಗು ಎಲ್ಲ ಬಯಲಾಗುತ್ತದೆ. ಹೊಳಪಿನ ಗಾಢ ಬಣ್ಣ ಆ ಏರುತಗ್ಗನ್ನು ಎತ್ತಿ ತೋರಿಸುತ್ತದೆ, ಮ್ಯಾಟ್ ಸ್ವಲ್ಪ ಮುಚ್ಚುತ್ತದೆ. ಕೆಂಪು ಮತ್ತು ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಪ್ರೈಮರ್‌ಗೆ ಬಣ್ಣ ಬೆರೆಸಿಸಿ, ಮೂರು ಕೋಟ್‌ಗೆ ತಯಾರಿರಿ. ‘ಎರಡೇ ಸಾಕು ಸಾರ್’ ಅನ್ನುವ ಮಾತಿಗೆ ಇಲ್ಲಿ ಒಪ್ಪಬೇಡಿ.

ಒಂದು ಗೋಡೆಗೆ ಬೇಕಾದ ಬಣ್ಣವನ್ನೆಲ್ಲ ಒಟ್ಟಿಗೆ ತಂದು, ಡಬ್ಬಗಳನ್ನು ಒಂದೇ ಬಕೆಟ್‌ಗೆ ಸುರಿದು ಕಲಸಿ. ಬೇರೆ ಬೇರೆ ದಿನ ಕಲಸಿಸಿದ ಡಬ್ಬಗಳಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದು ಗೋಡೆಯ ನಡುವೆ ಬಂದರೆ ಗೆರೆಯಾಗಿ ಉಳಿಯುತ್ತದೆ.

ಹೊಡೆಯುವ ಕ್ರಮ: ಸೀಲಿಂಗ್, ಸಾದಾ ಗೋಡೆಗಳು, ಗಾಢ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಕೋಟ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ, ಮೋಡ ಇದ್ದರೆ ಇನ್ನೂ ಜಾಸ್ತಿ. ಮೂಲೆಯಲ್ಲಿ ಸಾದಾ ಬಣ್ಣವನ್ನು ಗಾಢ ಗೋಡೆಯ ಮೇಲೂ ಒಂದಂಗುಲ ಎಳೆಯಿರಿ. ಅದು ಚೆನ್ನಾಗಿ ಒಣಗಿದ ಮೇಲೆ ಸಾದಾ ಬದಿಗೆ ಟೇಪು ಒತ್ತಿ ಅಂಟಿಸಿ. ಟೇಪಿನ ಅಂಚಿಗೆ ಮತ್ತೊಮ್ಮೆ ಸಾದಾ ಬಣ್ಣವನ್ನೇ ತೆಳುವಾಗಿ ಸವರಿ. ಸಂದಿ ಇದ್ದರೆ ಅದೇ ಬಣ್ಣ ಒಳಗಿಳಿದು ಮುಚ್ಚುತ್ತದೆ, ಗಾಢ ಬಣ್ಣಕ್ಕೆ ದಾರಿ ಇರುವುದಿಲ್ಲ. ಕೊನೆಯ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ನಿಧಾನವಾಗಿ ಓರೆಯಾಗಿ ಎಳೆಯಿರಿ. ಒಣಗಲು ಬಿಟ್ಟರೆ ಬಣ್ಣವೂ ಟೇಪಿನ ಜೊತೆ ಬರುತ್ತದೆ.

## ಆಗಲೇ ಎಡವಟ್ಟಾಗಿದ್ದರೆ

ಮತ್ತೆ ಬಣ್ಣ ಹೊಡೆಸುವುದು ಕೊನೆಯ ದಾರಿ. ಮೊದಲು ಬಲ್ಬ್ ಬದಲಾಯಿಸಿ ಒಂದು ವಾರ ನೋಡಿ. ಮಂಕು ಕೆನೆ, ಸತ್ತ ಕಂದು ಅನ್ನುವ ದೂರುಗಳು ಎಷ್ಟೋ ಸಲ ಅಲ್ಲೇ ತೀರುತ್ತವೆ.

ಗಾಢ ಗೋಡೆ ಅಂಟಿಸಿದ ಹಾಗಿದ್ದರೆ ಅದೇ ಬಣ್ಣವನ್ನು ರೂಮಿನ ಎದುರು ಬದಿಯಲ್ಲಿ ಎರಡು ಕಡೆ ಸಣ್ಣದಾಗಿ ತನ್ನಿ: ಒಂದು ದಿಂಬು, ಒಂದು ಚಿತ್ರ. ಜೊತೆಗೆ ಆ ಗೋಡೆಯ ಮುಂದೆ ಮರದ್ದೋ ಬೆತ್ತದ್ದೋ ಏನಾದರೂ ಇಡಿ.

ಬಿಳಿ ಸೀಲಿಂಗ್ ಗುಲಾಬಿಯಾಗಿ ಕಾಣುತ್ತಿದ್ದರೆ ಅದು ಕೆಂಪು ಗೋಡೆಯ ಅಥವಾ ಕೆಂಪು ನೆಲದ ಎರಚಲು. ಸೀಲಿಂಗ್‌ಗೆ ಮತ್ತೆ ಬಿಳಿ ಹೊಡೆದು ಉಪಯೋಗವಿಲ್ಲ. ಬಿಸಿಲು ಬೀಳುವ ಜಾಗದ ನೆಲಕ್ಕೆ ಒಂದು ಚಾಪೆ ಹಾಸಿ, ಇಲ್ಲವೇ ಗೋಡೆಗೆ ಬಿಸಿಲು ಬಡಿಯದಂತೆ ಕೋರಾ ಕರ್ಟನ್ ಹಾಕಿ.

ಇದೆಲ್ಲ ಮಾಡಿಯೂ ಕಣ್ಣಿಗೆ ಹಿಡಿಸದಿದ್ದರೆ ಬದಲಾಯಿಸಬೇಕಾದ್ದು ಹೆಚ್ಚಾಗಿ ಸಾದಾ ಗೋಡೆಗಳನ್ನೇ. ಗಾಢ ಗೋಡೆಯನ್ನು ಹಾಗೇ ಬಿಟ್ಟು ಹಂತ 6ರಿಂದ ಮತ್ತೆ ಶುರು ಮಾಡಿ. ಗಾಢ ಗೋಡೆಯನ್ನೇ ತೆಗೆಯುವುದಾದರೆ ಅದರ ಮೇಲೆ ನೇರವಾಗಿ ಕೆನೆ ಹೊಡೆಸಬೇಡಿ. ಎಮರಿ ಉಜ್ಜಿ ಒಂದೆರಡು ಕೋಟ್ ಪ್ರೈಮರ್ ಹಾಕಿಸದೆ ಹೋದರೆ ನೀಲಿ ಒಳಗಿನಿಂದ ಇಣುಕುತ್ತಲೇ ಇರುತ್ತದೆ.

ಉಳಿದ ಬಣ್ಣವನ್ನು ಚಿಕ್ಕ ಡಬ್ಬಕ್ಕೆ ತುಂಬಿ, ಮುಚ್ಚಳ ಭದ್ರವಾಗಿ ಹಾಕಿ, ಮೇಲೆ ಶೇಡ್ ಕೋಡ್, ಯಾವ ಗೋಡೆ, ಯಾವ ತಿಂಗಳು ಅಂತ ಬರೆದಿಡಿ. ಹೊಸ ಗೋಡೆಗೆ ಮೊದಲ ಒಂದು ತಿಂಗಳು ಒದ್ದೆ ಬಟ್ಟೆ ತಾಗಿಸಬೇಡಿ. ಕಲೆಯಾದರೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಹೋಗದಿದ್ದರೆ ಆ ಚಿಕ್ಕ ಡಬ್ಬ ಇದ್ದೇ ಇದೆ.